ಯಾಂಕೊನ ಆಕಳಿಕೆ

ಮಾರಿಬೋರ್ ಊರಿನ ಮಕ್ಕಳು ಮಲಗುವುದು ಬ್ರೆಡಾ ಬಿಡಿಸಿದ ಕಾಡಿನ ಇಲಿ ಆಕಳಿಸಿದ ಮೇಲೆಯೇ. ಟಿವಿಯಲ್ಲಿ ಸಂಜೆ ಬರುವ ಕಾರ್ಟೂನಿನ ಕೊನೆಯ ದೃಶ್ಯ ಅದು: ಚಳಿಗಾಲವಿಡೀ ಮಲಗುವ ಇಲಿ ಎಲೆಗಳೊಳಗೆ ನುಸುಳಿ, ಬಾಯಿ ತೆರೆದು, ಕಣ್ಣು ಮುಚ್ಚುತ್ತದೆ. ಚಿತ್ರ ಅವಳದು, ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನದು. ಊರನ್ನೆಲ್ಲ ಮಲಗಿಸುವ ಆ ಹೆಂಗಸಿಗೆ, ಹೋದ ವರ್ಷ ಗಂಡ ಯಾಂಕೊ ತೀರಿಕೊಂಡಾಗಿನಿಂದ, ನೆಟ್ಟಗೆ ನಿದ್ದೆಯಿಲ್ಲ.

ಆ ಆಕಳಿಕೆ ಯಾಂಕೊನದೇ. ಬಸ್ಸು ಓಡಿಸಿ ಬಂದು ಸೋಫಾದಲ್ಲಿ ಕೂತನೆಂದರೆ ಅವನ ಬಾಯಿ ಅರ್ಧ ತೆರೆದು, ಏನೋ ನೆನಪಾದವನಂತೆ ಒಂಚೂರು ತಡೆದು, ಆಮೇಲೆ ಪೂರ್ತಿ ತೆರೆಯುತ್ತಿತ್ತು. ಬ್ರೆಡಾ ಅದನ್ನು ಹಾಗೆಯೇ ಇಲಿಗೆ ಕೊಟ್ಟಳು. ಪರದೆಯ ಮೇಲೆ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ಓಡುತ್ತವೆ. ಅವಳ ಒಂದೊಂದು ಚಿತ್ರವೂ ಎರಡೆರಡು ಫ್ರೇಮ್ ನಿಲ್ಲುತ್ತದೆ. ಹಾಗೆ ನಿಂತು ನಿಂತು ಸಾಗುವುದರಲ್ಲೇ ಆ ತಡೆ ಇರುವುದು. ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ನಮ್ಮಲ್ಲಿ ಒಂದೇ ಪರೀಕ್ಷೆ. ಸಿಕ್ಕವರನ್ನು ಹಿಡಿದು ತೋರಿಸುತ್ತೇವೆ. ಅವರು ಆಕಳಿಸಿದರೆ ಪಾಸು.

ಈ ಜೂನಿನಲ್ಲಿ ನಮ್ಮ ಸ್ಟುಡಿಯೋಗೆ ಹೊಸ ಮುಖ್ಯಸ್ಥ ತಾದೆಯ್ ಬಂದ.

"ಇನ್ಮೇಲೆ ಎಲ್ಲಾ ಐವತ್ತು ಫ್ರೇಮು. ನಡುವಿನ ಚಿತ್ರ ಕಂಪ್ಯೂಟರೇ ತುಂಬ್ಕೊಳ್ಳತ್ತೆ. ನುಣ್ಣಗಿರತ್ತೆ," ಅಂದ. ನುಣುಪೆಂದರೆ ಅವನಿಗೆ ಪ್ರಾಣ. ತಲೆಯೂ ಹಾಗೇ ಇತ್ತು.

ಹೇಳಿದಂತೆ ಮಾಡಿ ಬ್ರೆಡಾಗೆ ತೋರಿಸಿದೆ. ಪರದೆ ಎಳೆದ ನಮ್ಮ ಕೋಣೆಯಲ್ಲಿ ಹಗಲೂ ಮುಸ್ಸಂಜೆಯೇ. ಹೊರಗಿನ ಲಿಂಡೆನ್ ಮರದ ಹೂವಾಸನೆ ಮಾತ್ರ ಹೇಗೋ ಒಳಗೆ ಬಂದು ತೇಲುತ್ತಿತ್ತು. ಇಲಿಯ ಬಾಯಿ ಎಲ್ಲೂ ತಡೆಯದೆ ಬೆಣ್ಣೆಯಂತೆ ಜಾರಿ ತೆರೆಯಿತು, ಮುಚ್ಚಿತು.

"ನೂಶಾ, ಯಾಂಕೊ ಎಲ್ಲೋದ್ನೇ?" ಅಂದಳು.

ಮನೆಯಿಂದ ಹೋದವನು ಟಿವಿಯಿಂದಲೂ ಹೋಗಬೇಕೇ? ಸಿಟ್ಟು ಬಂತು. ಊಟ ಮುಗಿಸಿ ಬರುತ್ತಿದ್ದ ತಾದೆಯ್‌ನನ್ನು ಕರೆದು ಕೂರಿಸಿದೆ.

"ಎರಡೂ ನೋಡಿ, ಆಮೇಲೆ ಹೇಳಿ."

ನುಣ್ಣನೆಯದನ್ನು ಕಣ್ಣರಳಿಸಿ ನೋಡಿದ. "ಫಸ್ಟ್ ಕ್ಲಾಸ್!" ಆಮೇಲೆ ಇಪ್ಪತ್ತೈದರದನ್ನು ಹಾಕಿದೆ.

"ಇದು ತೀರಾ ಹಳೇ ಕಾ..." ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

"ಲಾಲಿ ಹಾಡ್ಲೇನಪ್ಪಾ?" ಅಂದಳು ಬ್ರೆಡಾ.

"ಊಟ ಜಾಸ್ತಿಯಾಯ್ತು, ಅಷ್ಟೇ," ಎನ್ನುವಷ್ಟರಲ್ಲಿ ಇನ್ನೊಂದು ಆಕಳಿಕೆ ಬಂತು. ಕಣ್ಣೊರೆಸಿಕೊಂಡು ಎದ್ದ. "ಆಯ್ತು ಕಣ್ರೀ, ಇದೊಂದು ಹಂಗೇ ಇರ್ಲಿ."

ಅವನು ಹೋದ ಮೇಲೆ ಬ್ರೆಡಾ, "ಇನ್ನೊಂದ್ಸಲ ಹಾಕೇ," ಅಂದಳು.

ಹಾಕಿದೆ. ಇಲಿಯ ಬಾಯಿ ಅರ್ಧ ತೆರೆಯಿತು. ಪಕ್ಕದಲ್ಲಿ ಬ್ರೆಡಾಳ ಬಾಯಿಯೂ ಅರ್ಧ ತೆರೆದು, ಒಂಚೂರು ತಡೆದು, ಆಮೇಲೆ ಪೂರ್ತಿ ತೆರೆಯಿತು. ಥೇಟ್ ಯಾಂಕೊ. ಇಲಿ ಕಣ್ಣು ಮುಚ್ಚುವ ಹೊತ್ತಿಗೆ ಅವಳ ತಲೆ ನನ್ನ ಹೆಗಲಿಗೆ ಒರಗಿತ್ತು. ಮೇಜಿನ ಮೇಲಿದ್ದ ನನ್ನ ಕಾಫಿ ಆರಿತು, ಕೈ ಜೋಮು ಹಿಡಿಯಿತು. ನಾನು ಅಲುಗಾಡಲಿಲ್ಲ.