ಬಾಣಂತಿಯನ್ನೂ ಕೇಳುತ್ತಿದ್ದ ಸಿಸ್ಟರ್

ತೊಂಬತ್ತರ ದಶಕದಲ್ಲಿ ವಜ್ರಳ್ಳಿಯ ಮನೆಮನೆಗೆ ಬರುತ್ತಿದ್ದ ಸಿಸ್ಟರ್ ಬನವಾಸಿ ಕಡೆಯವರು. ಬಂದವರೆಲ್ಲ ಮಗುವನ್ನಷ್ಟೇ ನೋಡಿ ಹೋದರೆ, ಅವರು ಮಗುವಿನ ತೂಕ ನೋಡಿದ ಮೇಲೆ ಬಾಣಂತಿಯ ಪಕ್ಕ ಕೂತು, "ಕೂಸು ಆರಾಮೈತಿ. ನೀವು ಹೆಂಗದೀರಿ?" ಎನ್ನುತ್ತಿದ್ದರು.

ನನ್ನ ಚೊಚ್ಚಲ ಬಾಣಂತನದಲ್ಲಿ ಹಾಗೆ ಕೇಳಿದಾಗ ಅತ್ತುಬಿಟ್ಟೆ. ಪಕ್ಕದಲ್ಲಿ ಮಲಗಿದ್ದ ಮಗನನ್ನು ತೋರಿಸಿ, "ಮಾಣಿನ ಎತ್ಕಂಬಲೂ ಮನಸಿಲ್ಲೆ" ಎಂದೆ.

ಅವರು ಕೈ ಹಿಡಿದುಕೊಂಡರು. "ನಿಮ್ಮ ತಪ್ಪಲ್ರಿ ಇದು. ಬಾಳ ಮಂದಿಗೆ ಆಗ್ತೈತಿ. ಔಷಧ ಐತಿ."

"ಬಾಣಂತಿನ ಹೊರಗೆ ಕಳ್ಸಲಾಗ್ತಿಲ್ಲೆ" ಎಂದರು ಅಮ್ಮ.

"ಜ್ವರ ಬಂದಿದ್ರ ಕಳಸ್ತಿದ್ರಿಲ್ಲೋ?" ಎಂದ ಸಿಸ್ಟರ್, ಮರುದಿನ ತಾವೇ ನನ್ನನ್ನು ಬಸ್ಸಿನಲ್ಲಿ ಶಿರಸಿಯ ವೈದ್ಯರ ಬಳಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಮಗು ಅವರ ಮಡಿಲಲ್ಲೇ ಇತ್ತು.

ಎರಡು ತಿಂಗಳ ನಂತರ ಅವರು ಚುಚ್ಚುಮದ್ದು ಹಾಕಿದಾಗ ಮಗ ಚೀರಿದ. ಯಾರೂ ಹೇಳದೆ ನಾನೇ ಅವನನ್ನು ಬಾಚಿ ಎದೆಗೊತ್ತಿಕೊಂಡೆ. ಸಿಸ್ಟರ್ ಸೂಜಿಯನ್ನು ಪಕ್ಕಕ್ಕಿಟ್ಟು, ಬಹಳ ಹೊತ್ತು ನಮ್ಮಿಬ್ಬರನ್ನೇ ನೋಡುತ್ತ ಕೂತರು.