ಕೆಂಪು ಚೆಂಡು, ಕರಿ ಕಂಬಳಿ

ಮನೆಮನೆಗೆ ಹೋಗಿ ಎಳೆಕೂಸುಗಳ ಕಣ್ಣು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಜಗಳೂರಿನ ಹತ್ತಿರದ ಒಂದು ಮನೆಯಲ್ಲಿ, ತಾಯಿಯ ತೊಡೆ ಮೇಲಿದ್ದ ಎರಡು ತಿಂಗಳ ಕೂಸಿನ ಮುಂದೆ ಆಫೀಸಿನ ಕಿಟ್‌ನಲ್ಲಿ ಕೊಟ್ಟಿದ್ದ ಕೆಂಪು ಚೆಂಡು ಆಡಿಸಿದೆ. ಬಲಕ್ಕೆ ಒಯ್ದೆ, ಎಡಕ್ಕೆ ತಂದೆ. ಕೂಸು ಚೆಂಡಿನ ಕಡೆ ನೋಡಲೇ ಇಲ್ಲ. ನನ್ನ ಭುಜದ ಮೇಲಿಂದ ಎಲ್ಲೋ ಕಣ್ಣು ನೆಟ್ಟು ಸುಮ್ಮನಿತ್ತು.

"ನಮ್ ಕೂಸಿಗೆ ಕಣ್ಣು ಕಾಣಲ್ವೇನ್ರೀ?" ತಾಯಿಯ ದನಿ ನಡುಗಿತು.

ಕೂಸು ನೋಡುತ್ತಿದ್ದ ಕಡೆ ತಿರುಗಿದರೆ, ಕುರಿ ಕಾಯಲು ಹೊರಟಿದ್ದ ಅಜ್ಜ ನನ್ನ ಬೆನ್ನಿಗೇ ಬಗ್ಗಿ ನಿಂತು ಇಣುಕುತ್ತಿದ್ದಾರೆ. ಹೆಗಲ ಮೇಲೆ ಬಿಳಿ ಅಂಚಿನ ಕರಿ ಕಂಬಳಿ.

"ಅಜ್ಜಾ, ಒಂಚೂರು ಆ ಕಡೆ ಸರೀರಿ" ಅಂದೆ. ಅಜ್ಜ ಸರಿದರು. ಕೂಸಿನ ಕಣ್ಣೂ ಸರಿಯಿತು. "ಈಗ ಈ ಕಡೆ ಬರ್ರಿ." ಕಣ್ಣೂ ಬಂತು! ಇಷ್ಟು ಎಳೆಯ ಕೂಸಿನ ಗಮನ ಆ ಕಂಬಳಿಯ ಕರಿ-ಬಿಳಿಯಂತೆ ಎದ್ದು ಕಾಣುವ ಒಂದಕ್ಕೆ ಅಂಟಿಕೊಂಡರೆ ಕೀಳುವುದು ಕಷ್ಟ. ಮೂಗಿನ ಮುಂದಿನ ಚೆಂಡೂ ಅದರ ಪಾಲಿಗೆ ಇಲ್ಲ. ಇದನ್ನು ತರಬೇತಿಯಲ್ಲಿ ಹೇಳಿದ್ದರು, ನಾನೇ ಮರೆತಿದ್ದೆ.

ಖಾತ್ರಿಗೆಂದು ಇನ್ನೂ ನಾಲ್ಕು ಸಲ ಓಡಾಡಿಸಿದೆ. ಅಜ್ಜ ರೇಗಿದರು: "ಪರೀಕ್ಷೆ ಕೂಸಿಗೈತೋ ನನಗೈತೋ? ಅಲ್ಲಿ ಕುರಿ ಬ್ಯಾರೇರ ಹೊಲಕ್ಕೆ ನುಗ್ತಾವೆ!"

ತಾಯಿ ಕಣ್ಣೊರೆಸಿಕೊಂಡು ನಕ್ಕಳು.

ಫಾರಂನಲ್ಲಿ 'ಕೂಸು ಕಣ್ಣಿಂದ ಹಿಂಬಾಲಿಸಿದ ವಸ್ತು' ಅಂತ ಒಂದು ಖಾನೆ ಇತ್ತು. ಪ್ರಾಮಾಣಿಕವಾಗಿ 'ಅಜ್ಜ' ಎಂದು ಬರೆದೆ. ಮರುವಾರ ಆಫೀಸಿನಿಂದ ಫೋನು ಬಂತು: ಕಿಟ್‌ನಲ್ಲಿ ಕೊಡದ ಸಾಮಾನು ಬಳಸಬಾರದಂತೆ.