ಮೊಗ್ಗು ಚಿವುಟುವ ಊರು

ಶಿಡ್ಲಘಟ್ಟದಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತವೆಂದರೆ, ಮನೆಯೊಡತಿ ನನ್ನ ಮುಡಿಯಲ್ಲಿದ್ದ ಮಲ್ಲಿಗೆ ದಂಡೆಯನ್ನು ಕಿತ್ತು ಬೀದಿಗೆ ಎಸೆದದ್ದು. ಬೆಂಗಳೂರಿನಿಂದ ಪುಟ್ಟ ರೈಲಿನಲ್ಲಿ ಬಂದಿಳಿದು, ಜಟಕಾದಲ್ಲಿ ಟ್ರಂಕು, ಹಾಸಿಗೆ ಸುರುಳಿ ಹೇರಿಕೊಂಡು, ಮಡಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟುಕೊಂಡು ಬಂದಿದ್ದೆ. ಹೊಸ್ತಿಲು ದಾಟುವ ಮೊದಲೇ ಆಕೆ ಮೂಗರಳಿಸಿ ನನ್ನ ತಲೆಗೇ ಕೈ ಹಾಕಿದರು. ನಮ್ಮ ಧಾರವಾಡದಲ್ಲಿ ಮುತ್ತೈದೆಯ ಮುಡಿಯ ಹೂವು ಕಿತ್ತರೆ ಮೂರು ಓಣಿಗೆ ಕೇಳುವಂಥ ಜಗಳವಾಗುತ್ತದೆ. ನಾನೂ ಸಿದ್ಧಳಾಗಿಯೇ ಬಾಯಿ ತೆರೆದೆ.

"ಹುಳ ಅವೆ ಕಣಮ್ಮಾ ಮನೇಲಿ. ವಾಸ್ನೆ ಆಗಲ್ಲ ಅವಕ್ಕೆ, ಸತ್ತೋಯ್ತವೆ," ಎಂದರು ಆಕೆ. ಹೆಸರು ಮುನಿಯಮ್ಮ. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಚಿಂತಾಮಣಿಗೆ ಕೊಟ್ಟಾಗಿತ್ತು. ಮನೆಯ ಮುಕ್ಕಾಲು ಭಾಗ ರೇಷ್ಮೆಹುಳಕ್ಕೆ, ಉಳಿದ ಕಾಲು ಭಾಗ ನಮಗೆ.

ರಾಜ್ಯ ಒಂದಾದ ಮೇಲೆ ನಮ್ಮವರಿಗೆ ಇಲ್ಲಿನ ಹೈಸ್ಕೂಲಿಗೆ ವರ್ಗವಾಯಿತು. ಕನ್ನಡನಾಡೆಲ್ಲ ಒಂದೇ ಎಂದು ಮೆರವಣಿಗೆಯಲ್ಲಿ ಕೂಗಿದವಳು ನಾನು. ಇಲ್ಲಿಗೆ ಬಂದು ಅಂಗಡಿಯಲ್ಲಿ ಮಾತಾಡಿದರೆ ಅಂಗಡಿಯಾತ ತೆಲುಗಿನಲ್ಲಿ ಉತ್ತರಿಸಿದ. ನನ್ನ ಕನ್ನಡ ಆತನ ಕಿವಿಗೆ ಯಾವುದೋ ದೂರದ ಭಾಷೆಯಂತೆ ಕೇಳಿಸಿತಂತೆ. ರೊಟ್ಟಿಯ ಜಾಗಕ್ಕೆ ಮುದ್ದೆ ಬಂತು. ಅದನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಕಲಿಯುವಷ್ಟರಲ್ಲಿ ನನ್ನ ಗಂಟಲೂ ಅಭಿಮಾನವೂ ಸಾಕಷ್ಟು ನೊಂದಿದ್ದವು.

ಆದರೆ ಧಾರವಾಡದ ನನ್ನ ಓದುಗರೇ, ನಿಜವಾದ ವ್ಯತ್ಯಾಸ ಊಟದ್ದಲ್ಲ, ವಾಸನೆಯದು. ನಮ್ಮ ಮನೆಗಳಲ್ಲಿ ಬೆಳಗಾದರೆ ಊದುಬತ್ತಿ, ಒಗ್ಗರಣೆ, ಹೂವು. ಇಲ್ಲಿ ಹುಳ ಇರುವಷ್ಟು ದಿನ ಒಣಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ. ಹುಳದ ಒಂದು ಬೆಳೆ ಕೆಟ್ಟರೆ ಮುನಿಯಮ್ಮನಿಗೆ ಆ ಕಾಲದ ಅನ್ನವೇ ಹೋದಂತೆ. ಹಾಗಾಗಿ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯೊಂದೇ. ಬಂದ ಮರುದಿನ ಮಧ್ಯಾಹ್ನ ಮಳೆಯ ಸದ್ದು ಕೇಳಿ, ಒಣಹಾಕಿದ ಬಟ್ಟೆ ತೆಗೆಯಲು ಓಡಿದೆ. ಹೊರಗೆ ರಣಬಿಸಿಲು. ಸದ್ದು ಪಕ್ಕದ ಕೋಣೆಯದು, ಹುಳಗಳು ಸೊಪ್ಪು ತಿನ್ನುತ್ತಿದ್ದವು. ಅದು ಗೊತ್ತಾದ ಮೇಲೆಯೂ ಎಷ್ಟೋ ದಿನ ಆ ಬಿಸಿಲುಮಳೆ ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಇನ್ನು ನನ್ನ ಡಬ್ಬಿಯ ಕಥೆ. ಅದರಲ್ಲಿದ್ದದ್ದು ಒಂದು ಗುಲಾಬಿ ಗಿಡ. ನನ್ನ ತಂಗಿ ಶಾಂತಾ ತನ್ನ ಕೈಯಾರೆ ಕಣ್ಣು ಕಸಿ ಮಾಡಿದ್ದು. ನಿವೃತ್ತ ಸಾಹೇಬರೊಬ್ಬರ ಬಂಗಲೆಯಿಂದ ಬೇಡಿ ತಂದ ಕಣ್ಣನ್ನು ನಾಟಿ ಗುಲಾಬಿಯ ಕಾಂಡ ಸೀಳಿ ಕೂರಿಸಿ, ಬಾಳೆನಾರು ಸುತ್ತಿದ್ದಳು. ಹೈಬ್ರಿಡ್ ಟೀ ಎನ್ನುವ ಜಾತಿ. ಉದ್ದನೆಯ ಕಡ್ಡಿ, ತುದಿಗೊಂದೇ ದೊಡ್ಡ ಹೂವು. ಈಗಿನ ಎಷ್ಟೋ ದೊಡ್ಡ ಗುಲಾಬಿಗಳು ನೋಡಲಷ್ಟೇ ಚೆಂದ, ಮೂಸಿದರೆ ಸಪ್ಪೆ. ಇದು ಹಾಗಲ್ಲ, ಅಂಗಳಕ್ಕೆಲ್ಲ ಹರಡುವ ಪರಿಮಳ ಎಂದಿದ್ದಳು. ಬಂಗಲೆಯಲ್ಲಿ ಹತ್ತಾರು ಬಣ್ಣದ ಗಿಡಗಳಿದ್ದವು. ಇದು ಯಾವ ಬಣ್ಣದ್ದೆಂದು ಎಷ್ಟು ಕಾಡಿದರೂ ಹೇಳಲಿಲ್ಲ.

"ಈಗ ಹೇಳೂದಿಲ್ಲಕ್ಕಾ. ಹೂ ಬಿಟ್ಟಾಗ ನೀನ ನೋಡು," ಎಂದಳು.

ಕಣ್ಣು ಚಿಗುರುವ ಹೊತ್ತಿಗೆ ಅವಳಿಗೆ ವಿಷಮಶೀತ ಜ್ವರ ಬಂತು. ಚಿಗುರು ಗೇಣುದ್ದ ಆಗುವುದರೊಳಗೆ ಅವಳು ಹೋಗಿಬಿಟ್ಟಳು. ಆ ಹೂವನ್ನು ಒಮ್ಮೆ ನೋಡಬೇಕು, ಒಮ್ಮೆ ಮೂಸಬೇಕು, ಅಷ್ಟಾದರೆ ಅವಳ ಮಾತು ಮುಗಿದಂತೆ ಎಂದು ನನ್ನ ತಲೆಯಲ್ಲಿ ಕೂತಿತು. ಅದಕ್ಕೇ ರೈಲಿನಲ್ಲಿ ಮಗುವನ್ನು ತರುವಂತೆ ಮಡಿಲಲ್ಲಿ ತಂದೆ. ತಂದದ್ದಾದರೂ ಎಲ್ಲಿಗೆ, ಹೂವಿನ ವಾಸನೆಯನ್ನೇ ಸಹಿಸದ ಮನೆಗೆ.

ಹಿತ್ತಿಲಿನಲ್ಲಿ ಗಿಡ ನೆಟ್ಟದ್ದನ್ನು ಕಂಡು ಮುನಿಯಮ್ಮ ದೊಡ್ಡ ರಂಪ ಮಾಡಿದರು. ಸಿಟ್ಟು ಬಂದಾಗ ಆಕೆ ತೆಲುಗಿಗೆ ಹೊರಳುತ್ತಾರೆ, ನಾನು ನಮ್ಮ ಕಡೆಯ ಮಾತಿಗೆ. ಇಬ್ಬರಿಗೂ ಇನ್ನೊಬ್ಬರ ಬೈಗುಳ ಅರ್ಥವಾಗದೆ ಜಗಳ ಬೇಗ ಸೊರಗಿತು. ಕೊನೆಗೆ, ಗಿಡ ತಂಗಿಯದು, ಆಕೆ ಈಗಿಲ್ಲ ಎಂದು ಹೇಳಿದೆ. ಮುನಿಯಮ್ಮ ಬಗ್ಗಿ ಗಿಡದ ಬುಡದ ಮಣ್ಣು ಒತ್ತಿದರು. ಆಮೇಲೆ ಒಂದು ಒಪ್ಪಂದ ಹೇಳಿದರು: ಗಿಡ ಇರಲಿ, ಆದರೆ ಮೊಗ್ಗು ಬಣ್ಣ ತೋರುವ ಮೊದಲೇ ಚಿವುಟಬೇಕು. ಇನ್ನೊಂದು, ಗಿಡಕ್ಕೆ ಯಾವ ಪುಡಿಯನ್ನೂ ಹಾಕಕೂಡದು. ಡಿಡಿಟಿಯ ಗಾಳಿ ಸೋಕಿದರೂ ಹುಳ ಉಳಿಯುವುದಿಲ್ಲ.

ಹೀಗೆ ನಾನು ಮೊಗ್ಗು ಚಿವುಟುವವಳಾದೆ. ಒಂದು ಬೆಳೆ ಮುಗಿಯುವುದರೊಳಗೆ ಮತ್ತೊಂದಕ್ಕೆ ಮೊಟ್ಟೆ ಬರುತ್ತಿತ್ತು. ಒಮ್ಮೆ ನಮ್ಮ ಮನೆ ಖಾಲಿಯಿದ್ದರೆ ಪಕ್ಕದ ಮನೆಯಲ್ಲಿ ಹುಳ. ಮೊಗ್ಗಿನ ಹಸಿರು ಹೊದಿಕೆ ಬಿರಿಯುವ ಮುನ್ನ ಉಗುರಿನಿಂದ ಚಿವುಟಿ ಮಣ್ಣಿನಲ್ಲಿ ಹೂತುಬಿಡುತ್ತಿದ್ದೆ. ಪ್ರತಿ ಸಲವೂ ಶಾಂತಾಳ ಬಾಯಿ ಮುಚ್ಚಿಸಿದ ಹಾಗೆ ಅನ್ನಿಸುತ್ತಿತ್ತು. ಚಿವುಟುವಾಗ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿ ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಗಿಡ ಮಾತ್ರ ನಾಚಿಕೆಯಿಲ್ಲದೆ ಬೆಳೆಯಿತು. ಧಾರವಾಡದಲ್ಲಿ ಗುಲಾಬಿಯೆಂದರೆ ಮನೆಗೆ ಬಂದ ಅಳಿಯನ ಉಪಚಾರ. ಇಲ್ಲಿ ಅದಕ್ಕೆ ಸಿಕ್ಕಿದ್ದು ಹುಳದ ಹಿಕ್ಕೆ, ತಿಂದುಳಿದ ಸೊಪ್ಪಿನ ಕಸ, ಬೆಳಿಗ್ಗೆ ಬುಡಕ್ಕೊಂದು ಕೊಡ ನೀರು, ಅಷ್ಟೇ. ಮೊದಲ ಮಳೆಗಾಲ ಎಲೆಗಳಿಗೆ ಕಪ್ಪು ಚುಕ್ಕೆ ಬಂದು ಉದುರಿದವು. ಬಿದ್ದ ಎಲೆ ಗುಡಿಸಿ ಸುಟ್ಟು, ಮಳೆ ನಿಂತ ಮೇಲೆ ಕಡ್ಡಿ ಸವರಿ ಸುಮ್ಮನಿದ್ದೆ. ಮುಂದಿನ ಸಲ ಚುಕ್ಕೆ ಕಡಿಮೆ. ಮೊಗ್ಗಿಗೆ ಹೋಗಬೇಕಾದ ಸತ್ವವೆಲ್ಲ ಬೇರಿಗೆ ಹೋಗಿ ಕಾಂಡ ಹೆಬ್ಬೆರಳ ದಪ್ಪವಾಯಿತು. ಎಳೆಯ ಗಿಡ ನೆಟ್ಟವರು ಮೊದಲ ವರ್ಷ ಮೊಗ್ಗು ಬಿಡಗೊಡಬೇಡಿ ಎಂದು ಈಗ ನಾನೇ ನಾಲ್ಕು ಜನಕ್ಕೆ ಹೇಳುತ್ತೇನೆ.

ಎರಡನೆಯ ಚಳಿಗಾಲದಲ್ಲಿ ಒಂದು ದಿನ ಹುಳಗಳು ಕೊನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುನ್ನ ಹುಳ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಮನೆಯಲ್ಲಿ ಸದ್ದೇ ಇರಲಿಲ್ಲ. ಬೆಳಿಗ್ಗೆ ಮುನಿಯಮ್ಮ ಹುಳದ ಕೋಣೆಯಿಂದ ಹೊರಬಂದು ನನ್ನ ಮುಂದೆ ನಿಂತರು. ಮುಖ ಬಿಳಿಚಿಕೊಂಡಿತ್ತು. ಹೂವು ಯಾಕೆ ಬಿಟ್ಟೆ ಎಂದು ಕೇಳಿದರು. ನಾನು ಬಿಟ್ಟಿಲ್ಲವೆಂದೆ. ಕೈ ಹಿಡಿದು ಎಳೆದುಕೊಂಡು ಹೋಗಿ ಗಿಡ ತೋರಿಸಿದೆ. ಒಂದು ಮೊಗ್ಗೂ ಇರಲಿಲ್ಲ.

"ಒಳಗೆಲ್ಲ ಗಮ್ ಅಂತೈತೆ ಕಣಮ್ಮಾ," ಎಂದರು ಮೆಲ್ಲಗೆ. "ಮಾಗಿದ ಸೀಬೆಹಣ್ಣು ಬಿಡಿಸ್ದಂಗೆ."

ಓಡಿಹೋಗಿ ಹುಳ ಸಾಕುವ ಬಿದಿರಿನ ತಟ್ಟೆಗಳ ನಡುವೆ ನಿಂತು ಉಸಿರೆಳೆದೆ. ನನಗೆ ಸೊಪ್ಪಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ನನ್ನ ತಂಗಿ ಬಂದಿದ್ದರೆ, ನನ್ನನ್ನು ಬಿಟ್ಟು ಈ ಮುದುಕಿಯ ಹತ್ತಿರ ಯಾಕೆ ಹೋದಳು?

ಮುನಿಯಮ್ಮ ದಿನವಿಡೀ ತಟ್ಟೆ ತಟ್ಟೆ ಬಗ್ಗಿ ನೋಡಿದರು. ಒಂದು ಹುಳವೂ ಕೆಡಲಿಲ್ಲ. ಜ್ವರದಿಂದೆದ್ದು ತಿಂದವು, ಮೈ ತಿಳಿಯಾಗಿ ಹಣ್ಣಾದವು, ಗೂಡು ಕಟ್ಟಿದವು. ಗೂಡೆಲ್ಲ ಸಂತೆಗೆ ಹೋದ ಮೇಲೆ ಆಕೆ ನನಗೇನೂ ಹೇಳದೆ ಓಣಿಯ ಮನೆ ಮನೆಗೂ ಹೋಗಿ ಬಂದರು.

"ಒಂದು ಮೊಗ್ಗು ಬಿಟ್ಬಿಡಮ್ಮ. ಒಂದ್ ಬೆಳಗ್ಗೆ ಎಲ್ರೂವೆ ಕಿಟಕಿಗೆ ಗೋಣಿ ಕಟ್ತಾರೆ, ಹೇಳಿ ಬಂದಿವ್ನಿ," ಎಂದರು. "ಆ ಮಗೀನ ಇನ್ನೆಷ್ಟ್ ದಿನ ಕಾಯಿಸ್ತೀಯ?"

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಊರಿಗೆ ಬಂದ ಮೇಲೆ ಮೊದಲ ಸಲ ಅತ್ತದ್ದು.

ಹೂವು ಅರಳಿದ ಬೆಳಿಗ್ಗೆ ಓಣಿಯ ಕಿಟಕಿಗಳಿಗೆಲ್ಲ ನೆನೆಸಿದ ಗೋಣಿತಾಟುಗಳು ತೂಗುತ್ತಿದ್ದವು. ಒಬ್ಬರೂ ನೋಡಲು ಬರಲಿಲ್ಲ. ಬಂದರೆ ಬಟ್ಟೆಗೆ ಪರಿಮಳ ಅಂಟಿಸಿಕೊಂಡು ಹುಳದ ಮನೆಗೆ ಒಯ್ದಂತಾಗುತ್ತದಲ್ಲ. ನಾವಿಬ್ಬರೇ ಇದ್ದೆವು. ಶಾಂತಾಳಿಗೆ ಕೆಂಪೆಂದರೆ ಪ್ರಾಣ, ಹಾಗಾಗಿ ನಾನು ಕೆಂಪನ್ನೇ ಎಣಿಸಿದ್ದೆ. ಅರಳಿದ್ದು ತಿಳಿಹಳದಿ, ಅಂಚಿಗೆ ತುಸು ಹಸಿರು ನೆರಳು. ನಮ್ಮ ರೇಷ್ಮೆಗೂಡಿನ ಬಣ್ಣವೇ ಬಂದೈತಲ್ಲಾ ಎಂದು ಮುನಿಯಮ್ಮ ಅಚ್ಚರಿಪಟ್ಟರು. ನಾನು ಮುಖ ಅದ್ದಿ ಮೂಸಿದೆ. ಮಾಗಿದ ಸೀಬೆಯ ವಾಸನೆ. ಮುನಿಯಮ್ಮ ಮೂಸಲಿಲ್ಲ. ದೂರದಲ್ಲೇ ನಿಂತು ತಲೆಯಾಡಿಸಿದರು.

"ಅವತ್ತಿನ್ ವಾಸ್ನೇನೇ," ಎಂದರು.

ಬಿಸಿಲೇರುವ ಮೊದಲು ಹೂವನ್ನು ಕತ್ತರಿಸಿ ಕೆರೆಯಲ್ಲಿ ಬಿಟ್ಟು, ಸ್ನಾನ ಮಾಡಿ, ಸೀರೆ ಒಗೆದು ಮನೆಗೆ ಬಂದೆ.

ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದಾಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬಣ್ಣ ಹೇಳಿದಾಗ ಅವ್ವ ಕಣ್ಣೊರೆಸಿಕೊಂಡಳು. ಗಿಡ ಯಾಕೆ ತರಲಿಲ್ಲ ಎಂದು ಕೇಳಿದಳು. ಬೇರು ಆಳಕ್ಕೆ ಇಳಿದಿದೆ, ಕಿತ್ತರೆ ಸಾಯುತ್ತದೆ ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವ್ವ ನನ್ನನ್ನು ಅಂಗಳದ ಮೂಲೆಗೆ ಕರೆದೊಯ್ದಳು. ಅಲ್ಲೊಂದು ಕುಣಿ ಇತ್ತು. ಆ ಗಿಡವನ್ನು ನೆಡಲೆಂದು ಶಾಂತಾ ತೋಡಿಟ್ಟದ್ದಂತೆ. ಮಣ್ಣು ಕುಸಿದಾಗಲೆಲ್ಲ ಅವ್ವನೇ ಎತ್ತಿಹಾಕಿ, ಯಾರಿಗೂ ಮುಚ್ಚಗೊಡದೆ ಕಾದಿದ್ದಳು.

ಕುಣಿಯ ದಂಡೆಯ ಮೇಲೆ ಕೂತು ಅವ್ವ ಕೇಳಿದಳು: "ಖರೇನ ಆಕಿ ಅಲ್ಲೆ ಬಂದಿದ್ಳೇನ?"

ಬಂದಿದ್ದಳು ಎಂದೆ.

"ಹಂಗಾರ ಇಲ್ಲೆ ಯಾಕ ಬರಲಿಲ್ಲ?"

ಅವ್ವನ ಕೈ ಹಿಡಿದು ಕೂತೆ. ಹಾಗೆ ಕೂತಿದ್ದಾಗಲೇ, ಶಿಡ್ಲಘಟ್ಟದಲ್ಲಿ ಈಗ ಮೊಗ್ಗು ಬಂದಿರುತ್ತದೆ, ಮುನಿಯಮ್ಮ ಚಿವುಟಿದರೋ ಇಲ್ಲವೋ, ಬೇಗ ಮನೆಗೆ ಹೋಗಬೇಕು ಎಂದು ಮನಸ್ಸು ಅತ್ತ ಓಡಿತು. ಮನೆ ಎಂದುಕೊಂಡದ್ದು ಯಾವುದನ್ನು ಎಂದು ಹೊಳೆದಾಗ ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.